ಹಳೆ ಬೀದರಿನಲ್ಲಿ ಮನೆ ಕೊಳ್ಳುವವರಿಗೆ: ಮೊದಲು ನೀರಿನ ದಾರಿ ನೋಡಿ

ಬೀದರಿನ ಹಳೆ ಊರೊಳಗೆ ನದಿ ಇಲ್ಲ. ಮಾಂಜ್ರಾ ನದಿ ದೂರದಲ್ಲಿ, ಕೆಳಗಿನ ಕಪ್ಪು ನೆಲದಲ್ಲಿ ಹರಿಯುತ್ತದೆ. ಊರು ಕೂತಿರುವುದು ಕೆಂಪು ಕಲ್ಲಿನ ದಿಬ್ಬದ ಮೇಲೆ. ಆದರೂ ಇದು ನೀರು ನೋಡಿಯೇ ಕಟ್ಟಿದ ಊರು. ಕೆಂಪು ಕಲ್ಲು ತೂತು ತೂತಾದ ಕಲ್ಲು. ಮಳೆ ನೀರು ಅದರೊಳಗೆ ಇಳಿಯುತ್ತದೆ. ಅಡಿಯ ಗಟ್ಟಿ ಕಪ್ಪು ಕಲ್ಲು ಸಿಕ್ಕಾಗ ಅಡ್ಡಕ್ಕೆ ತಿರುಗುತ್ತದೆ. ದಿಬ್ಬದ ಅಂಚಿಗೆ ಬಂದು ಝರಿಯಾಗಿ ಹೊರಬೀಳುತ್ತದೆ. ನಾನಕ್ ಝೀರಾದ ಸಿಹಿನೀರು, ಝರಣಿ ನರಸಿಂಹನ ಗುಹೆಯ ನೀರು ಎರಡೂ ಇದೇ ನೆಲ ಕೊಟ್ಟದ್ದು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಆ ಕಾಲದವರು ಈ ನೀರನ್ನು ಹಿಡಿಯಲು ನೆಲದಡಿಯಲ್ಲಿ ಸುರಂಗ ತೋಡಿದರು. ನೌಬಾದಿನ ಸುರಂಗ ಬಾವಿಯನ್ನು ನೀವು ನೋಡಿರಬಹುದು. ಹಳೆ ಊರಿನೊಳಗೆ ನೀರು ಹಂಚುತ್ತಿದ್ದ ಇನ್ನೊಂದು ಜಾಲಕ್ಕೆ ಜಮ್ನಾ ಮೋರಿ ಅಂತ ಹೆಸರು. ಅದು ಗಲ್ಲಿಗಳ ಅಡಿಯಲ್ಲೇ ಹಾದುಹೋಗಿದೆ.

ಮನೆ ಕೊಳ್ಳುವ ಮಾತಿಗೆ ಮುಂಚೆ ಇದನ್ನೆಲ್ಲ ಹೇಳಲು ಕಾರಣವಿದೆ. ಹಳೆ ಊರಿನ ಮನೆಗಳ ಹೆಚ್ಚಿನ ತೊಂದರೆ ನೀರಿನಿಂದಲೇ ಬರುತ್ತದೆ. ಮಾಳಿಗೆ ಸೋರುವುದು, ಗೋಡೆ ಒದ್ದೆಯಾಗುವುದು, ಮೋರಿಗಾಗಿ ಪಕ್ಕದ ಮನೆಯವರ ಜೊತೆ ಜಗಳ, ಬಾವಿಗೆ ಪಾಯಖಾನೆ ಗುಂಡಿಯ ನೀರು ಸೇರುವುದು, ಹೀಗೆ. ನಾವು ಹಳೆ ಊರಿನ ಪನ್ಸಾಲ್ ತಾಲೀಮು ಅನ್ನುವ ಭಾಗದಲ್ಲಿ ಒಂದು ಹಳೆ ಮನೆ ಕೊಂಡೆವು. ನೋಡಿದ್ದು ಯುಗಾದಿ ಮುಂದೆ. ಗೋಡೆಗಳಿಗೆ ಹೊಸ ಸುಣ್ಣ ಬಳಿದಿತ್ತು, ನೆಲ ಒಣಗಿತ್ತು. ಆಷಾಢ ಬಂದಾಗ ಅಡುಗೆಮನೆಯ ಗೋಡೆ ಮೊಣಕಾಲೆತ್ತರದವರೆಗೆ ಕಪ್ಪಾಯಿತು. ಆಚೆ ಮನೆಯ ಖಾಲಾ ಬಂದು ನೋಡಿ, "ಇಲ್ಲಿ ಕೆಳಗ ಬಾವಿ ಅದ ಬೇಟಾ, ಹಿಂದಿನವ್ರು ಮುಚ್ಚ್ಯಾರ. ಮಳಿಗಾಲದಾಗ ಬಂದು ನೋಡಿದ್ರ ನಿಮಗ ತಿಳೀತಿತ್ತು" ಅಂದರು. ಮಾರಿದವರು ಆ ಮಾತು ಎತ್ತಿರಲೇ ಇಲ್ಲ. ಆ ಗೋಡೆಗೆ ನಾವು ಎರಡು ವರ್ಷ ದುಡ್ಡು ಸುರಿದೆವು. ನಿಮಗೆ ಹಾಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಓಣಿ, ಆಮೇಲೆ ಮನೆ

ಹಳೆ ಊರಿನ ನಕ್ಷೆ ಸುಲಭ. ನಡುವೆ ಚೌಬಾರಾ ಅನ್ನುವ ಹಳೆ ಗೋಪುರ. ಅಲ್ಲಿ ಎರಡು ದೊಡ್ಡ ಬೀದಿಗಳು ಕೂಡುತ್ತವೆ. ಅವು ಊರನ್ನು ನಾಲ್ಕು ಭಾಗ ಮಾಡುತ್ತವೆ. ಒಂದೊಂದು ಭಾಗಕ್ಕೂ ಒಂದೊಂದು ತಾಲೀಮು: ನೂರ್ ಖಾನ್, ಮನಿಯಾರ್, ಸಿದ್ದಿಕ್ ಶಾಹ, ಪನ್ಸಾಲ್. ಸುತ್ತ ಕೋಟೆಗೋಡೆ, ಅದಕ್ಕೆ ಐದು ದರವಾಜಾಗಳು. ಶಾಹಗಂಜ್, ಫತೇಹ್, ಮಂಗಲಪೇಟ್, ದುಲ್ಹನ್, ತಲಘಾಟ್. ಮನೆಯ ವಿಳಾಸ ಕೇಳಿದಾಗ ಇಲ್ಲಿನವರು ಈಗಲೂ ದರವಾಜಾ ಅಥವಾ ತಾಲೀಮಿನ ಹೆಸರು ಹೇಳುತ್ತಾರೆ.

ಸಾಧ್ಯವಾದರೆ ಒಂದು ಮಳೆಗಾಲ ಅದೇ ಓಣಿಯಲ್ಲಿ ಬಾಡಿಗೆಗೆ ಇರಿ. ಜೂನಿನಿಂದ ಸೆಪ್ಟೆಂಬರ್ ತನಕ ಸಾಕು. ಬಾಡಿಗೆ ದುಡ್ಡು ದಂಡ ಅನಿಸಬಹುದು. ಆದರೆ ನಾಲ್ಕು ತಿಂಗಳಲ್ಲಿ ನಿಮಗೆ ತಿಳಿಯುವುದನ್ನು ಯಾವ ದಲಾಲನೂ ಹೇಳುವುದಿಲ್ಲ. ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ ಬರುತ್ತದೆ? ಜೋರು ಮಳೆಯಲ್ಲಿ ಗಲ್ಲಿಯ ಮೋರಿ ಉಕ್ಕಿ ಯಾರ ಹೊಸ್ತಿಲಿಗೆ ಬರುತ್ತದೆ? ಇದೆಲ್ಲ ಇದ್ದು ನೋಡಿದವರಿಗೇ ಗೊತ್ತು.

ಬಾಡಿಗೆಗೆ ಇರಲು ಆಗದಿದ್ದರೆ ಕನಿಷ್ಠ ಮೂರು ಸಲ ಹೋಗಿ. ಒಂದು ಸಲ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ. ಒಂದು ಸಲ ಸಂಜೆ, ಬಜಾರಿನ ಗದ್ದಲದಲ್ಲಿ. ಮೂರನೆಯದು ಮಳೆ ಸುರಿದ ಮಾರನೇ ದಿನ. ಆ ಮೂರನೆಯದನ್ನು ಮಾತ್ರ ತಪ್ಪಿಸಬೇಡಿ.

ಗಲ್ಲಿಯ ಅಗಲವನ್ನೂ ಅಳೆಯಿರಿ. ಹಳೆ ಗಲ್ಲಿಗಳಲ್ಲಿ ಕಾರು ಮನೆ ತನಕ ಬರದೇ ಇರಬಹುದು. ಅದಕ್ಕಿಂತ ಮುಖ್ಯ, ನೀರಿನ ಟ್ಯಾಂಕರ್, ಆಂಬ್ಯುಲೆನ್ಸ್, ಮರಳಿನ ಟ್ರ್ಯಾಕ್ಟರ್ ಎಲ್ಲಿಯ ತನಕ ಬರುತ್ತವೆ ಅಂತ ನೋಡಿ. ಟ್ರ್ಯಾಕ್ಟರ್ ಚೌಕದಲ್ಲೇ ನಿಂತರೆ ಅಲ್ಲಿಂದ ಕಲ್ಲು, ಮರಳು ಹೊರುವ ಕೂಲಿಯೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಚೌಬಾರಾ ಸುತ್ತ ಬಿದ್ರಿ ಕೆಲಸದ ಅಂಗಡಿಗಳಿವೆ. ಉಳಿ, ಸುತ್ತಿಗೆಯ ಸದ್ದು ದಿನವಿಡೀ ಇರುತ್ತದೆ. ನನಗೆ ಆ ಸದ್ದು ಇಷ್ಟ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ನೀವು ಬೇರೆ ಓಣಿ ನೋಡುವುದು ಒಳ್ಳೆಯದು.

2. ಮನೆಯನ್ನು ಮೇಲಿನಿಂದ ಕೆಳಗೆ ನೋಡುತ್ತ ಬನ್ನಿ

ನೀರು ಮೇಲಿನಿಂದ ಕೆಳಗೆ ಇಳಿಯುತ್ತದೆ. ನೀವೂ ಹಾಗೇ ಇಳಿಯುತ್ತ ಬನ್ನಿ. ಜೊತೆಗೆ ಹಳೆ ಮನೆ ಕೆಲಸ ಗೊತ್ತಿರುವ ಒಬ್ಬ ಗೌಂಡಿ ಇರಲಿ. ಬರೀ ಸಿಮೆಂಟ್ ಕೆಲಸ ಮಾಡಿದವರಿಗೆ ಈ ಗೋಡೆಗಳ ಸ್ವಭಾವ ತಿಳಿಯುವುದಿಲ್ಲ.

ಮೊದಲು ಮಾಳಿಗೆ ಹತ್ತಿ. ಮರದ ತೊಲೆ, ಅದರ ಮೇಲೆ ಜಂತಿ, ಹಲಗೆ, ಮೇಲೆ ಮಣ್ಣು. ಇದು ಇಲ್ಲಿನ ಹಳೆ ಪದ್ಧತಿ. ಮೇಲೆ ಕರಲು ಮಣ್ಣು ಹಾಕಿ ಬಡಿದು ಗಟ್ಟಿ ಮಾಡಿದರೆ ನೀರು ನಿಲ್ಲದೆ ಜಾರಿಹೋಗುತ್ತದೆ. ಸೋರಿದಾಗಲೆಲ್ಲ ಜನ ಹೊಸ ಮಣ್ಣು ಹಾಕುತ್ತ ಬಂದಿರುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ. ಹಾಗಾಗಿ ಭಾರ ಏರುತ್ತಲೇ ಇರುತ್ತದೆ. ಒಂದು ಮೂಲೆಯಲ್ಲಿ ಚಿಕ್ಕ ಗುಳಿ ತೋಡಿಸಿ ಮಣ್ಣು ಎಷ್ಟು ದಪ್ಪ ಇದೆ ನೋಡಿ. ಕೆಲವು ಮನೆಗಳಲ್ಲಿ ಅದರ ಮೇಲೆ ಸಿಮೆಂಟ್ ಕೂಡ ಹಾಕಿರುತ್ತಾರೆ. ಸಿಮೆಂಟ್ ಬಿರುಕು ಬಿಟ್ಟರೆ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಅಡಿಯಲ್ಲಿ ತೊಲೆ ಸದ್ದಿಲ್ಲದೆ ಕೊಳೆಯುತ್ತದೆ.

ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗ ಎಲ್ಲಕ್ಕಿಂತ ಮುಖ್ಯ. ಕೊಳೆಯುವುದು ಅಲ್ಲಿಂದ. ಒಂದು ಸ್ಕ್ರೂಡ್ರೈವರ್ ತಗೊಂಡು ಚುಚ್ಚಿ ನೋಡಿ. ಬೆರಳಿನಷ್ಟು ಆಳ ಸುಲಭವಾಗಿ ಇಳಿದರೆ ಆ ತೊಲೆ ಮುಗಿದಂತೆ. ಗೆದ್ದಲಿನ ಮಣ್ಣಿನ ದಾರಿ ಗೋಡೆ ಮೇಲೆ ಕಾಣುತ್ತದಾ ನೋಡಿ. ತೇಗದ ತೊಲೆ ಗಟ್ಟಿ ಇದ್ದರೆ ಅದೇ ಒಂದು ಆಸ್ತಿ. ಅಂಥ ತೊಲೆ ಈಗ ಕೊಳ್ಳಲು ಹೋದರೆ ಬೆಲೆ ಕೇಳಿ ಸುಮ್ನೆ ವಾಪಸ್ ಬರಬೇಕಾಗುತ್ತದೆ.

ಮಾಳಿಗೆಯ ನೀರು ಬೀಳುವ ದೋಣಿಗಳನ್ನು ಎಣಿಸಿ. ಒಂದೊಂದೂ ಎಲ್ಲಿ ಬೀಳುತ್ತದೆ? ನಿಮ್ಮ ಅಂಗಳಕ್ಕೋ, ಗಲ್ಲಿಗೋ, ಪಕ್ಕದವರ ಅಂಗಳಕ್ಕೋ? ಪಕ್ಕದವರ ಕಡೆ ಬೀಳುತ್ತಿದ್ದರೆ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಾಗದ ನೋಡುವಾಗ ಮತ್ತೆ ಬೇಕಾಗುತ್ತದೆ.

ಈಗ ಗೋಡೆ. ಬೀದರಿನ ಕೆಂಪು ಕಲ್ಲು ನೆಲದಿಂದ ಕಡಿದಾಗ ಮೆತ್ತಗಿರುತ್ತದೆ, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಆದರೆ ತೂತುಗಳು ಹಾಗೇ ಉಳಿಯುತ್ತವೆ. ಅದು ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಈ ಹೀರಿ ಬಿಡುವ ಕೆಲಸಕ್ಕೆ ಹೊಂದುವುದು ಸುಣ್ಣದ ಗಾರೆ. ಸಿಮೆಂಟ್ ಪ್ಲಾಸ್ಟರ್ ಹಾಕಿದರೆ ನೀರು ಒಳಗೇ ಸಿಕ್ಕಿಬೀಳುತ್ತದೆ. ಆಮೇಲೆ ಇನ್ನೂ ಮೇಲೆ ಏರಿ, ಪ್ಲಾಸ್ಟರ್ ಮುಗಿದ ಜಾಗದಲ್ಲಿ ಬಿಳಿ ಉಪ್ಪಾಗಿ ಹೊರಬರುತ್ತದೆ. ಮಾರುವ ಮನೆಗೆ ಕೆಳಗಿನ ಮೂರು ಅಡಿ ಮಾತ್ರ ಹೊಸ ಸಿಮೆಂಟ್, ಟೈಲ್ಸ್ ಅಥವಾ ಪ್ಲೈವುಡ್ ಹಾಕಿದ್ದರೆ ಅದರ ಹಿಂದೆ ತೇವ ಇದೆ ಅಂತಲೇ ತಿಳಿಯಿರಿ. ಕೈಯಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಗೋಡೆ ಬಿಟ್ಟಿದೆ.

ಗೋಡೆಯ ಇನ್ನೊಂದು ಮಾತನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಭೂಕಂಪ ಆಯಿತು. ಕಿಲ್ಲಾರಿ ಇರುವುದು ಪಕ್ಕದ ಲಾತೂರ್ ಜಿಲ್ಲೆಯಲ್ಲಿ. ಸಾವಿರಾರು ಜನ ಸತ್ತರು. ಕೊಂದದ್ದು ಬಹುಪಾಲು ಮನೆಗಳೇ. ಕೆಸರು ಮಣ್ಣಿನಲ್ಲಿ ಗುಂಡುಕಲ್ಲು ಇಟ್ಟು ಕಟ್ಟಿದ ದಪ್ಪ ಗೋಡೆ, ಅದರ ಮೇಲೆ ಮಣ್ಣಿನ ಭಾರದ ಮಾಳಿಗೆ. ಗೋಡೆಯ ಒಳಮೈ, ಹೊರಮೈ ಎರಡನ್ನೂ ಹಿಡಿದಿಡುವ ಉದ್ದ ಕಲ್ಲುಗಳು ಇಲ್ಲದಿದ್ದರೆ ಗೋಡೆ ಸೀಳಿಕೊಂಡು ಎರಡೂ ಕಡೆ ಬೀಳುತ್ತದೆ. ಬೀದರಿನ ಹಳೆ ಊರಿನಲ್ಲಿ ಕಡಿದ ಕೆಂಪು ಕಲ್ಲಿನ ಮನೆಗಳೂ ಇವೆ, ಗುಂಡುಕಲ್ಲಿನ ಮನೆಗಳೂ ಇವೆ. ನಿಮ್ಮದು ಯಾವುದು ಅಂತ ಒಂದು ಕಡೆ ಪ್ಲಾಸ್ಟರ್ ತೆಗೆಸಿ ನೋಡಿ. ಗೌಂಡಿಯ ಓಳಂಬ ಬಿಟ್ಟು ಗೋಡೆ ನೇರ ಇದೆಯಾ ಪರೀಕ್ಷೆ ಮಾಡಿಸಿ. ಹೊಟ್ಟೆ ಬಿಟ್ಟ ಗೋಡೆ ಇದ್ದರೆ, ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡುವ ತನಕ ಒಂದು ರೂಪಾಯಿ ಸಂಚಕಾರವನ್ನೂ ಕೊಡಬೇಡಿ. ಮಾಳಿಗೆಯ ಮಣ್ಣು ಇಳಿಸಿ ಭಾರ ಕಡಿಮೆ ಮಾಡುವುದು, ಗೋಡೆಯ ಎರಡೂ ಮೈ ಸೇರಿಸಿ ಕಟ್ಟುವುದು, ಮೇಲ್ಗಡೆ ಸುತ್ತಲೂ ಪಟ್ಟಿ ಹಾಕುವುದು, ಇವೆಲ್ಲ ಮಾಡಬಹುದಾದ ಕೆಲಸಗಳೇ. ಖರ್ಚು ಮಾತ್ರ ಮೊದಲೇ ತಿಳಿದಿರಬೇಕು.

ಗೋಡೆಯಿಂದ ನೆಲಕ್ಕೆ ಬನ್ನಿ. ಹಳೆ ವಾಡೆಗಳಲ್ಲಿ ಹಗೇವು ಇರುತ್ತಿತ್ತು, ಜೋಳ ತುಂಬಿಡುವ ನೆಲಮಾಳಿಗೆಯ ಗುಂಡಿ. ಈಗ ಯಾರೂ ಬಳಸುವುದಿಲ್ಲ. ಮೇಲೆ ಕಲ್ಲು ಮುಚ್ಚಿ ಫರಸಿ ಹಾಕಿರುತ್ತಾರೆ. ಬಾವಿಯನ್ನೂ ಹೀಗೇ ಮುಚ್ಚಿರುತ್ತಾರೆ. ಮನೆಯ ಹಿರಿಯರನ್ನು, ಪಕ್ಕದ ಮನೆಯ ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ: "ಕಾಕಾ, ಇಲ್ಲಿ ಬಾವಿ, ಹಗೇವು ಎಲ್ಲಿದ್ವು?" ನೆಲದ ಮೇಲೆ ನಡೆದು ಕಾಲಿನಿಂದ ತಟ್ಟಿ. ಒಂದು ಕಡೆ ಫರಸಿ ಕುಸಿದಿದ್ದರೆ, ಒಂದು ಕಡೆ ಮಾತ್ರ ಸದಾ ತಂಪಾಗಿದ್ದರೆ, ಅಲ್ಲಿ ಏನೋ ಇದೆ.

ತೆರೆದ ಬಾವಿ ಇದ್ದರೆ ಅದು ಭಾಗ್ಯ, ಜವಾಬ್ದಾರಿಯೂ ಹೌದು. ಬೇಸಿಗೆಯಲ್ಲಿ ಎಷ್ಟು ಆಳಕ್ಕೆ ನೀರು ಇಳಿಯುತ್ತದೆ ಕೇಳಿ. ಕುಡಿಯುವ ಮುಂಚೆ ನೀರಿನ ಪರೀಕ್ಷೆ ಮಾಡಿಸಲೇಬೇಕು. ಯಾಕೆಂದರೆ ತೂತು ಕಲ್ಲಿನ ನೆಲದಲ್ಲಿ ಕೊಳೆ ನೀರೂ ಅಷ್ಟೇ ಸುಲಭವಾಗಿ ಓಡಾಡುತ್ತದೆ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ 18 ಮೀಟರ್ ಇರಬೇಕು ಅನ್ನುತ್ತದೆ ಭಾರತೀಯ ಮಾನಕ. ಅಂದರೆ ಸುಮಾರು 59 ಅಡಿ. ಹಳೆ ಊರಿನ ಎಷ್ಟೋ ಮನೆಗಳ ಪೂರ್ತಿ ಉದ್ದವೇ ಅಷ್ಟಿಲ್ಲ, ಅಲ್ವಾ? ನಿಮ್ಮ ಗುಂಡಿ ದೂರ ಇದ್ದರೂ ಪಕ್ಕದವರ ಗುಂಡಿ ನಿಮ್ಮ ಬಾವಿಯ ಮಗ್ಗುಲಲ್ಲೇ ಇರಬಹುದು. ಹಾಗಾಗಿ ಬಾವಿ ನೀರು ಬಳಕೆಗೆ, ಕಾರಂಜಾ ಜಲಾಶಯದಿಂದ ಬರುವ ನಳದ ನೀರು ಕುಡಿಯಲಿಕ್ಕೆ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. ನಳದ ನೀರು ದಿನಾ ಬರುತ್ತದೆ ಅಂತ ನಂಬಬೇಡಿ, ತುಂಬಿಡುವ ಟಾಕಿಗೆ ಜಾಗ ಹುಡುಕಿ.

ಕೊನೆಗೆ ಮೋರಿ. ಬಚ್ಚಲಿಗೆ ನಾಲ್ಕು ಕೊಡ ನೀರು ಸುರಿದು ಹೊರಗೆ ಹೋಗಿ ನಿಲ್ಲಿ. ಎಷ್ಟು ಹೊತ್ತಿಗೆ, ಎಲ್ಲಿ ಬಂತು ನೋಡಿ. ಎಲ್ಲೂ ಬರದಿದ್ದರೆ ಅದು ನೆಲದೊಳಗೆ ಹೋಗುತ್ತಿದೆ, ಅಂದರೆ ಯಾರದೋ ಗೋಡೆಯ ಬುಡಕ್ಕೆ. ಗಲ್ಲಿಯ ಅಡಿಯಲ್ಲಿ ಜಮ್ನಾ ಮೋರಿಯಂಥ ಹಳೆ ಕಾಲುವೆ ಇದ್ದರೆ ಅದಕ್ಕೆ ಕೊಳಚೆ ಬಿಡಬೇಡಿ. ಆರು ನೂರು ವರ್ಷದ ಹಿಂದೆ ಸಿಹಿನೀರಿಗಾಗಿ ಮಾಡಿದ ದಾರಿ ಅದು. ಹಳೆ ಸ್ಮಾರಕಗಳ ರಕ್ಷಣೆಗೆ ದುಡಿಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ 2014ರಲ್ಲಿ ಬೀದರನ್ನು ತನ್ನ ಕಾಳಜಿ ಪಟ್ಟಿಗೆ ಸೇರಿಸಿದ ಮೇಲೆ ಇಂಥ ಜಾಗಗಳ ಬಗ್ಗೆ ಊರಿನಲ್ಲಿ ಮಾತು ಹೆಚ್ಚಿದೆ. ನಮ್ಮ ಪಾಯಖಾನೆ ಪೈಪು ಅದರೊಳಗೆ ಬಿಟ್ಟು ಆ ಮಾತು ಆಡಿದರೆ ಏನು ಬಂತು?

3. ನೂರು ಮೀಟರಿನ ಲೆಕ್ಕ

ಕೋಟೆ ಮತ್ತು ಮಹಮೂದ್ ಗವಾನ್ ಮದರಸಾ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಮದರಸಾ ಕಟ್ಟಿದ್ದು 1472ರಲ್ಲಿ. ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲೇ ಇದೆ, ಸುತ್ತಲೂ ಮನೆಗಳು. ಕಾನೂನು ಹೀಗಿದೆ. ಸ್ಮಾರಕದ ರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕಿಂತ ಮುಂಚಿನಿಂದ ಇರುವ ಮನೆಗೆ ದುರಸ್ತಿ, ನವೀಕರಣ ಮಾಡಬಹುದು. ಅದಕ್ಕೂ ಅನುಮತಿ ಬೇಕು. ನಿಯಮ ಮುರಿದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ.

ಇದರಿಂದ ಎರಡು ಕೆಲಸ ಬೀಳುತ್ತವೆ. ಮನೆ ಯಾವ ವಲಯದಲ್ಲಿದೆ ಅಂತ ಅಳತೆ ಮಾಡಿಸಿ. ಅಳತೆ ಸ್ಮಾರಕದ ಗೋಡೆಯಿಂದ ಅಲ್ಲ, ರಕ್ಷಿತ ಜಾಗದ ಗಡಿಯಿಂದ. ಮತ್ತೆ, 1992ಕ್ಕಿಂತ ಹಿಂದೆ ಮನೆ ಇತ್ತು ಅಂತ ತೋರಿಸುವ ಕಾಗದ ಮಾರುವವರ ಬಳಿಯೇ ಕೇಳಿ. ಹಳೆ ತೆರಿಗೆ ರಸೀದಿ, ಕರೆಂಟ್ ಬಿಲ್, ಯಾವುದಾದರೂ ಸರಿ. ಮನೆ ನಿಮ್ಮದಾದ ಮೇಲೆ ಅದನ್ನು ಹುಡುಕುವುದು ಕಷ್ಟ.

"ಮ್ಯಾಲೆ ಎರಡು ಅಂತಸ್ತು ಎಬ್ಬಿಸಬಹುದು" ಅಂತ ಯಾರಾದರೂ ಹೇಳಿದರೆ ಅನುಮತಿ ಪತ್ರ ತೋರಿಸಲು ಹೇಳಿ. ಅಂತಸ್ತು ಎಬ್ಬಿಸುವ ಆಸೆ ಇದ್ದವರು ದಯವಿಟ್ಟು ಹೊಸ ಬಡಾವಣೆ ನೋಡಿ. ಈ ಮನೆಗಳನ್ನು ಇದ್ದ ಹಾಗೆ ಪ್ರೀತಿಸುವವರು ಕೊಳ್ಳಬೇಕು.

4. ಕಾಗದ ಓದುವುದು

ಬೀದರಿನ ಕಾಗದಕ್ಕೆ ತನ್ನದೇ ಇತಿಹಾಸ ಇದೆ. 1948ರ ಸೆಪ್ಟೆಂಬರ್ ತನಕ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹಾಗಾಗಿ ಮನೆಯ ಮೂಲ ಪತ್ರ ಉರ್ದುವಿನಲ್ಲಿ ಇರಬಹುದು, ಬೈನಾಮಾ (ಖರೀದಿ ಪತ್ರ) ಅಂತ ಹೆಸರಿರುತ್ತದೆ. ಕೆಲವು ಮನೆತನಗಳಲ್ಲಿ ಮೋಡಿ ಲಿಪಿಯ, ಅಂದರೆ ಹಳೆ ಮರಾಠಿ ಬರವಣಿಗೆಯ ಕಾಗದವೂ ಸಿಗುತ್ತದೆ. ವರ್ಷವನ್ನು ಫಸಲಿಯಲ್ಲಿ, ಅಂದರೆ ಆಗಿನ ಕಂದಾಯ ವರ್ಷದ ಲೆಕ್ಕದಲ್ಲಿ ಬರೆದಿರುತ್ತಾರೆ. ಅದಕ್ಕೆ 590 ಕೂಡಿಸಿದರೆ ಇಸವಿ ಹತ್ತಿರಕ್ಕೆ ಬರುತ್ತದೆ. ಫಸಲಿ 1352 ಅಂದರೆ ಸುಮಾರು 1942. ಹಿಜರಿ ವರ್ಷದ ಲೆಕ್ಕ ಬೇರೆ, ಎರಡನ್ನೂ ಬೆರೆಸಬೇಡಿ. ಉರ್ದು ಓದಬಲ್ಲ ವಕೀಲರಿಂದ ಪೂರ್ತಿ ಪತ್ರವನ್ನು ಕನ್ನಡಕ್ಕೆ ಮಾಡಿಸಿಕೊಳ್ಳಿ. ಸಾರಾಂಶ ಸಾಲದು. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ಮೋರಿ, ಬಾವಿ, ದಾರಿ ಯಾರಿಗೆ ಸೇರಿದ್ದು ಅಂತ ಅಲ್ಲೇ ಬರೆದಿರುತ್ತದೆ.

ಆಸ್ತಿಯ ಮೇಲಿನ ಸಾಲ, ಮಾರಾಟ ತೋರಿಸುವ ಋಣಭಾರ ಪತ್ರ, ನಮ್ಮ ಮಾತಿನಲ್ಲಿ ಇ.ಸಿ., ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಹಿಂದಿನದಕ್ಕೆ ಉಪ ನೋಂದಣಿ ಕಚೇರಿಗೆ ಹೋಗಿ ಅರ್ಜಿ ಹಾಕಬೇಕು. ಬ್ಯಾಂಕಿನವರು ಸಾಮಾನ್ಯವಾಗಿ 30 ವರ್ಷ ಕೇಳುತ್ತಾರೆ. ಹಳೆ ಊರಿನ ಮನೆಗೆ ಅಷ್ಟು ಸಾಲದು. ಸಿಕ್ಕಷ್ಟು ಹಿಂದಕ್ಕೆ ಹೋಗಿ.

ಇ-ಖಾತಾ, ಅಂದರೆ ಸ್ಥಳೀಯ ಸಂಸ್ಥೆಯ ಕಂಪ್ಯೂಟರ್ ಆಸ್ತಿ ದಾಖಲೆ, ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಮಾರುವವರ ಹೆಸರಿನಲ್ಲೇ ಇ-ಖಾತಾ ಆಗಿದೆಯಾ, ಸತ್ತುಹೋದ ಅಜ್ಜನ ಹೆಸರಿನಲ್ಲೇ ಉಳಿದಿದೆಯಾ ನೋಡಿ. ಸಿಟಿ ಸರ್ವೆ ಆಗಿರುವ ಕಡೆ ಸರ್ವೆಯ ಆಸ್ತಿ ದಾಖಲೆಯಾದ ಪಿ.ಆರ್. ಕಾರ್ಡ್ ತೆಗೆಸಿ. ಪತ್ರದ ಅಳತೆ, ಖಾತಾದ ಅಳತೆ, ನೀವೇ ಟೇಪು ಹಿಡಿದ ಅಳತೆ, ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಹೋಲಿಸಿ. ವ್ಯತ್ಯಾಸ ಇದ್ದರೆ ಅದು ಸಾಮಾನ್ಯವಾಗಿ ನಡುಗೋಡೆಯಲ್ಲಿ ಇರುತ್ತದೆ. ಆ ಗೋಡೆ ಯಾರದ್ದು, ಅರ್ಧ ಅರ್ಧವೋ, ಪೂರ್ತಿ ಒಬ್ಬರದ್ದೋ ಅಂತ ಪಕ್ಕದವರ ಎದುರಿಗೇ ಮಾತಾಡಿ.

ಪಾಲುದಾರರು. ಇದು ದೊಡ್ಡ ಮಾತು. ವಾಡೆ ಅಂದರೆ ಮೂರು ನಾಲ್ಕು ತಲೆಮಾರಿನ ಪಾಲು. ಅಣ್ಣತಮ್ಮಂದಿರು ಸಹಿ ಹಾಕಿದರೆ ಸಾಕು ಅನ್ನುವ ಕಾಲ ಹೋಗಿದೆ. 2005ರ ತಿದ್ದುಪಡಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ತಂದೆ 2005ಕ್ಕೆ ಮುಂಚೆಯೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಅಂತ. ಮುಸ್ಲಿಂ ಮನೆತನಗಳಲ್ಲಿ ಹೆಂಡತಿ, ಹೆಣ್ಣುಮಕ್ಕಳ ಪಾಲು ಮೊದಲಿನಿಂದಲೂ ಇದೆ. ಬಾಯಿಮಾತಿನ ಹಿಬಾ (ದಾನ) ಕೂಡ ನಡೆಯುತ್ತದೆ, ಹಾಗಾಗಿ ಯಾರಿಗಾದರೂ ಹಿಬಾ ಆಗಿದೆಯಾ ಅಂತ ಬಾಯಿಬಿಟ್ಟು ಕೇಳಬೇಕು. ವಂಶವೃಕ್ಷ ತರಿಸಿಕೊಂಡು ಒಬ್ಬೊಬ್ಬರ ಹೆಸರಿಗೂ ಟಿಕ್ ಹಾಕಿ. ಹೈದರಾಬಾದಿಗೆ ಮದುವೆಯಾಗಿ ಹೋದ ಅಕ್ಕ, ಪುಣೆಯಲ್ಲಿರುವ ತಂಗಿ, ಎಲ್ಲರೂ ಖರೀದಿ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರ ಕೊಡಬೇಕು. "ಆಕಿ ಏನೂ ಕೇಳಂಗಿಲ್ಲ ಬಿಡ್ರಿ" ಅನ್ನುವ ಮಾತಿಗೆ ಒಪ್ಪಬೇಡಿ. ಅದು ಆಕೆಯ ಹಕ್ಕು. ಆಕೆಯ ಮಾತನ್ನು ಆಕೆಯ ಬಾಯಿಂದಲೇ ಕೇಳಿ.

ಆಸ್ತಿ ವಕ್ಫ್ ಪಟ್ಟಿಯಲ್ಲಿ ಇದೆಯಾ, ದೇವಸ್ಥಾನ ಅಥವಾ ಮಠಕ್ಕೆ ಬಿಟ್ಟದ್ದಾ ಅಂತ ವಕೀಲರಿಂದ ಗೆಜೆಟ್ ನೋಡಿಸಿ. ವಕ್ಫ್ ಆಸ್ತಿಯನ್ನು ಮಾರುವಂತಿಲ್ಲ. ದರ್ಗಾ, ಮಸೀದಿ, ಗುಡಿಯ ಗೋಡೆಗೆ ಅಂಟಿದ ಮನೆಗೆ ಈ ಪರೀಕ್ಷೆ ಬಿಡಲೇಬೇಡಿ. ಹಳೆ ಬಾಡಿಗೆದಾರರು ಮುಂಭಾಗದ ಅಂಗಡಿಯಲ್ಲಿ ಇದ್ದರೆ, ಅವರು ಖಾಲಿ ಮಾಡಿ ಕೀಲಿ ಕೊಟ್ಟ ಮೇಲೆ ಪೂರ್ತಿ ದುಡ್ಡು ಅಂತ ಕರಾರಿನಲ್ಲಿ ಬರೆಸಿ.

ಕೊಳ್ಳುವ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಿ. ಕನ್ನಡ ಪತ್ರಿಕೆ ಒಂದರಲ್ಲಿ, ಉರ್ದು ಪತ್ರಿಕೆ ಒಂದರಲ್ಲಿ. ಓಣಿಯ ಹಿರಿಯರು ಯಾವುದನ್ನು ಓದುತ್ತಾರೋ ಅದರಲ್ಲಿ ಬಂದರೆ ಮಾತ್ರ ಪ್ರಯೋಜನ.

ಮತ್ತೆ ಆ ನೀರಿನ ಚೀಟಿ. ನಿಮ್ಮ ದೋಣಿಯ ನೀರು ಪಕ್ಕದ ಅಂಗಳಕ್ಕೆ ಬೀಳುವುದು, ನಿಮ್ಮ ಮೋರಿ ಅವರ ಜಾಗದಲ್ಲಿ ಹಾಯುವುದು, ಬಾವಿಗೆ ಇಬ್ಬರ ಹಕ್ಕು ಇರುವುದು, ಇವೆಲ್ಲ ಖರೀದಿ ಪತ್ರದಲ್ಲಿ ಸ್ಪಷ್ಟವಾಗಿ ಬರಲಿ. 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದ ನಡೆದುಬಂದ ಇಂಥ ಬಳಕೆಗೆ ಕಾನೂನಿನ ಬೆಂಬಲ ಇದೆ. ಆದರೆ ಕೋರ್ಟಿನಲ್ಲಿ ಅದನ್ನು ಸಾಬೀತು ಮಾಡುವುದಕ್ಕಿಂತ ಪತ್ರದಲ್ಲಿ ನಾಲ್ಕು ಸಾಲು ಬರೆಸುವುದು ಸುಲಭ.

5. ದುಡ್ಡಿನ ಲೆಕ್ಕ

ಇಲ್ಲಿ ಎಷ್ಟೋ ಜನ ಇನ್ನೂ ಗಜದಲ್ಲಿ ಮಾತಾಡುತ್ತಾರೆ. ಒಂದು ಚದರ ಗಜ ಅಂದರೆ 9 ಚದರ ಅಡಿ. 150 ಗಜದ ಮನೆ 1,350 ಚದರ ಅಡಿ. ಕೇಳಲು ಚೆನ್ನಾಗಿದೆ. ಆದರೆ 30ಕ್ಕೆ 45 ಅಡಿಯ ಆ ಜಾಗದಲ್ಲಿ ಸುತ್ತಲ ಗೋಡೆ ಎರಡೂವರೆ ಅಡಿ ದಪ್ಪ ಇದ್ದರೆ ಒಳಗೆ ಉಳಿಯುವುದು 25ಕ್ಕೆ 40, ಅಂದರೆ 1,000 ಚದರ ಅಡಿ. ಒಳಗೋಡೆ, ಅಂಗಳ ಕಳೆದರೆ ಇನ್ನೂ ಕಡಿಮೆ. ಮೇ ತಿಂಗಳ ಬಿಸಿಲಲ್ಲಿ ಆ ದಪ್ಪ ಗೋಡೆಯೇ ನಿಮ್ಮನ್ನು ಕಾಯುತ್ತದೆ, ಅದು ನಿಜ. ಆದರೂ ಮಂಚ, ಕಪಾಟು ಎಲ್ಲಿ ಇಡುತ್ತೀರಿ ಅಂತ ಮೊದಲೇ ಗೀಟು ಹಾಕಿ ನೋಡಿ.

ನೋಂದಣಿ ಖರ್ಚು ಹೀಗೆ. ಮುದ್ರಾಂಕ ಶುಲ್ಕ ಶೇ. 5. ಆ ಶುಲ್ಕದ ಮೇಲೆ ಶೇ. 10 ಸೆಸ್, ಶೇ. 2 ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಮನೆ 30 ಲಕ್ಷದ್ದಾದರೆ 1,50,000, 15,000, 3,000, 60,000. ಒಟ್ಟು 2,28,000 ರೂಪಾಯಿ. ಸರ್ಕಾರದ ಮಾರ್ಗಸೂಚಿ ಬೆಲೆ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ. 50 ಲಕ್ಷ ಅಥವಾ ಜಾಸ್ತಿ ಆದರೆ ಶೇ. 1 ಟಿಡಿಎಸ್ ಹಿಡಿದು ನೀವೇ ಕಟ್ಟಬೇಕು. ಸಂಚಕಾರವನ್ನು ಬ್ಯಾಂಕ್ ಮೂಲಕವೇ ಕೊಡಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶ ಇಲ್ಲ.

ಸಾಲದ ಮೇಲೆ ಕೊಳ್ಳುವವರು ಸಂಚಕಾರ ಕೊಡುವ ಮುಂಚೆ ಬ್ಯಾಂಕಿಗೆ ಹೋಗಿ ಬನ್ನಿ. ಮಣ್ಣಿನ ಮಾಳಿಗೆಯ ಮನೆಗೆ ಬೆಲೆ ಕಟ್ಟುವವರು ಹೆಚ್ಚಾಗಿ ಜಾಗಕ್ಕೆ ಮಾತ್ರ ಬೆಲೆ ಹಾಕುತ್ತಾರೆ. ದುರಸ್ತಿಗೆ ಬೇರೆ ದುಡ್ಡು ಎತ್ತಿಡಿ. ಆ ದುಡ್ಡು ಇಲ್ಲದೆ ಹಳೆ ಮನೆ ಕೊಳ್ಳುವುದು ಬೇಡ ಅಂತ ನಾನು ನೇರವಾಗಿ ಹೇಳುತ್ತೇನೆ.

6. ಕೀಲಿ ಕೈಗೆ ಬಂದ ಮೇಲೆ

ಖಾತಾ ಬದಲಾವಣೆ, ಜೆಸ್ಕಾಂ ಕರೆಂಟ್ ಮೀಟರ್, ನಳದ ಹೆಸರು ಎಲ್ಲ ಮೊದಲ ತಿಂಗಳಲ್ಲೇ ಮುಗಿಸಿ. ಹಳೆ ವೈರಿಂಗ್ ಪೂರ್ತಿ ತೆಗೆಸಿ. ಒದ್ದೆ ಗೋಡೆ, ಬಟ್ಟೆ ಸುತ್ತಿದ ವೈರು ಎರಡೂ ಸೇರಿದರೆ ಜೀವಕ್ಕೆ ಅಪಾಯ.

ದುರಸ್ತಿಯಲ್ಲೂ ಮೇಲಿನಿಂದ ಕೆಳಗೆ ಬನ್ನಿ. ಮಾಳಿಗೆ, ದೋಣಿ, ಮೋರಿ, ಆಮೇಲೆ ಗೋಡೆ. ಗೋಡೆ ಒಣಗಲು ಒಂದು ಬೇಸಿಗೆ ಪೂರ್ತಿ ಕೊಡಿ. ಸಿಮೆಂಟ್ ಕೆರೆದು ತೆಗೆದು ಕಲ್ಲನ್ನು ಹಾಗೇ ಗಾಳಿಗೆ ಬಿಡಿ. ಸುಣ್ಣವನ್ನು ನೀರಿನಲ್ಲಿ ಹಾಕಿ ಕೊಳೆಸಲು ದಿನಗಳು ಬೇಕು. ಇಲ್ಲಿನ ಹಳೆ ಗೌಂಡಿಗಳು ಅದಕ್ಕೆ ಬೆಲ್ಲ, ಅಳಲೆಕಾಯಿ ನೀರು ಬೆರೆಸುವುದನ್ನು ಬಲ್ಲರು. ಅಂಥವರು ಈಗ ಕಡಿಮೆ. ಸಿಕ್ಕರೆ ಅವರ ಜೊತೆ ಒಬ್ಬ ಹುಡುಗನನ್ನು ಕೆಲಸಕ್ಕೆ ಹಚ್ಚಿ, ಅವನಿಗೂ ಕೂಲಿ ಕೊಡಿ. ಆ ಹುಡುಗ ಕಲಿತರೆ ಓಣಿಯ ಇನ್ನೂ ಹತ್ತು ಮನೆ ಉಳಿಯುತ್ತವೆ.

ನಮ್ಮ ಅಡುಗೆಮನೆಯ ಗೋಡೆಗೂ ಕೊನೆಗೆ ಹಾಗೇ ಮಾಡಿದೆವು. ಮುಚ್ಚಿದ ಬಾವಿಯನ್ನು ತೆರೆದು, ಹೂಳು ತೆಗೆಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿದೆವು. ಬಾವಿಗೆ ಗಾಳಿ ಸಿಕ್ಕಿತು, ಗೋಡೆಗೂ ಸಿಕ್ಕಿತು. ಸಿಮೆಂಟ್ ತೆಗೆದು ಸುಣ್ಣದ ಗಾರೆ ಹಾಕಿದ ಮೇಲೆ ಮೊದಲ ಮಳೆಗಾಲದಲ್ಲಿ ತೇವ ಒಂದು ಗೇಣು ಏರಿತು, ದೀಪಾವಳಿ ಹೊತ್ತಿಗೆ ಇಳಿಯಿತು. ಈಗ ಆ ಬಾವಿಯ ನೀರೇ ಬಟ್ಟೆ, ಪಾತ್ರೆ, ತುಳಸಿ ಕಟ್ಟೆಗೆ. ಖಾಲಾ ಮನೆಯ ನಳ ಕೈಕೊಟ್ಟ ದಿನ ಅವರೂ ಎರಡು ಕೊಡ ಸೇದಿಕೊಂಡು ಹೋಗುತ್ತಾರೆ.

ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಒಂದು ಭಾನುವಾರ ಮಾಳಿಗೆಗೆ ಇಟ್ಟುಕೊಳ್ಳಿ. ಹುಲ್ಲು ಕಿತ್ತು, ದೋಣಿಯ ಬಾಯಿಯ ಎಲೆ ತೆಗೆದು, ಬಿರುಕಿಗೆ ಕರಲು ಮಣ್ಣು ತುಂಬಿ ಬಡಿಯಿರಿ. ಆಮೇಲೆ ಒಂದು ಕೊಡ ನೀರು ಸುರಿದು, ಅದು ಎಲ್ಲಿಗೆ ಹೋಗಿ ಬೀಳುತ್ತದೆ ಅಂತ ಕೆಳಗೆ ಇಳಿದು ನೋಡಿ.